ಮನೆಯಲ್ಲಿ ಲೋಳೆ ಗಮನಿಸಿ, ಸರಿಯಾದ ದಿನ ಸ್ಕ್ಯಾನ್‌ಗೆ ಹೋಗಿ: ಮಗುವಿಗೆ ಕಾಯುತ್ತಿರುವ ಮಲೆನಾಡಿನವರಿಗೆ ಸಮಗ್ರ ಮಾರ್ಗದರ್ಶಿ

ಮಗು ಆಗಿಲ್ಲ ಅಂತ ಡಾಕ್ಟರ್ ಹತ್ತಿರ ಹೋದರೆ ಮೊದಲ ಎರಡು ಮೂರು ಭೇಟಿಯಲ್ಲೇ ಫಾಲಿಕ್ಯುಲರ್ ಸ್ಟಡಿ ಅನ್ನುವ ಮಾತು ಬರುತ್ತದೆ. ಅಂಡಾಶಯದಲ್ಲಿ ಮೊಟ್ಟೆ ಬೆಳೆಯುತ್ತಿದೆಯಾ, ಒಡೆಯುತ್ತಿದೆಯಾ ಅಂತ ದಿನ ಬಿಟ್ಟು ದಿನ ಸ್ಕ್ಯಾನ್ ಮಾಡಿ ನೋಡುವುದು ಅದು. ಶಿವಮೊಗ್ಗದ ಒಳಗೇ ಇರುವವರು ಆಟೋ ಹತ್ತಿ ಹೋಗಿ ಒಂದು ಗಂಟೆಯಲ್ಲಿ ವಾಪಸ್ ಬರುತ್ತಾರೆ. ಬಿದನೂರು ನಗರ, ನಿಟ್ಟೂರು, ಆಗುಂಬೆ ಕಡೆಯವರಿಗೆ ಹಾಗಲ್ಲ. ತುಮರಿಯವರಿಗೆ ಸೇತುವೆ ಆದಮೇಲೆ ಲಾಂಚ್ ಕಾಯುವುದು ತಪ್ಪಿದೆ ನಿಜ, ಆದರೂ ದೂರ ದೂರವೇ. ಒಂದು ಸ್ಕ್ಯಾನ್ ಅಂದರೆ ಒಂದು ಪೂರ್ತಿ ದಿನ, ಬಸ್ ಚಾರ್ಜು, ಮನೆಯಲ್ಲಿ ಒಂದು ಸಮಜಾಯಿಷಿ. ಅಷ್ಟು ಮಾಡಿ ಹೋದರೆ 'ಇನ್ನೂ ಸಣ್ಣದಿದೆ, ನಾಡಿದ್ದು ಬನ್ನಿ' ಅಂತಾರೆ. ಇಲ್ಲಾ 'ಆಗಲೇ ಒಡೆದುಹೋಗಿದೆ' ಅಂತಾರೆ.

ಇದರಲ್ಲಿ ಅರ್ಧ ಓಡಾಟ ತಪ್ಪಿಸಬಹುದು. ಗರ್ಭಕೋಶದ ಕೆಳತುದಿಯ ಕೊರಳಾದ ಗರ್ಭಕಂಠದಿಂದ ಬರುವ ಲೋಳೆ ತಿಂಗಳಿಡೀ ಒಂದೇ ಥರ ಇರುವುದಿಲ್ಲ. ಮೊಟ್ಟೆ ಬಲಿಯುವ ಹೊತ್ತಿಗೆ ಅದು ಕಣ್ಣಿಗೆ ಕಾಣುವ ಹಾಗೆ ಬದಲಾಗುತ್ತದೆ. ಅದನ್ನು ಗಮನಿಸಲು ದುಡ್ಡು ಬೇಡ, ಯಂತ್ರ ಬೇಡ. ಲೋಳೆ ಯಾವ ದಿನ ಹೋಗಬೇಕು ಅಂತ ಹೇಳುತ್ತದೆ, ಒಳಗೆ ನಿಜವಾಗಿ ಏನಾಗಿದೆ ಅಂತ ಸ್ಕ್ಯಾನ್ ಹೇಳುತ್ತದೆ. ಎರಡನ್ನೂ ಜೋಡಿಸಿ ಓದುವುದು ಹೇಗೆ ಅಂತ ಇಲ್ಲಿ ಒಂದೊಂದಾಗಿ ಬರೆದಿದ್ದೇನೆ. ಡಾಕ್ಟರ್ ಸಲಹೆಗೆ ಇದು ಬದಲಿ ಅಲ್ಲ. ಆದರೆ ಡಾಕ್ಟರ್ ಎದುರು ಕೂತಾಗ ನಿಮ್ಮ ಕೈಯಲ್ಲಿ ನಿಮ್ಮದೇ ಲೆಕ್ಕ ಇರಬೇಕು ಅನ್ನುವುದು ನನ್ನ ಆಸೆ.

ಶುರು ಮಾಡುವ ಮೊದಲು: ಗಂಡನ ಟೆಸ್ಟ್

ಹೆಂಡತಿಗೆ 35 ವರ್ಷದ ಒಳಗಿದ್ದರೆ, ಯಾವ ತಡೆಯೂ ಇಲ್ಲದೆ ಒಂದು ವರ್ಷ ಪ್ರಯತ್ನಿಸಿದ ಮೇಲೆ ತಪಾಸಣೆ ಶುರು ಮಾಡುವುದು ರೂಢಿ. 35 ದಾಟಿದ್ದರೆ ಆರು ತಿಂಗಳು ಸಾಕು. 40 ದಾಟಿದ್ದರೆ ಕಾಯಲೇಬೇಡಿ. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಆಗುತ್ತಿದ್ದರೆ, ಹಿಂದೆ ಟಿಬಿ ಆಗಿದ್ದರೆ, ಹೊಟ್ಟೆಯ ಆಪರೇಷನ್ ಆಗಿದ್ದರೆ, ಮುಟ್ಟಿನಲ್ಲಿ ತಡೆಯಲಾಗದ ನೋವಿದ್ದರೆ ವಯಸ್ಸು ಎಷ್ಟೇ ಇರಲಿ, ಬೇಗ ಹೋಗಿ.

ಮೊದಲ ಟೆಸ್ಟ್ ಗಂಡನ ವೀರ್ಯ ಪರೀಕ್ಷೆ ಆಗಿರಲಿ. ಇದನ್ನು ಒತ್ತಿ ಹೇಳುತ್ತೇನೆ. ನಮ್ಮ ಕಡೆ ಹೆಂಗಸಿಗೆ ತಿಂಗಳುಗಟ್ಟಲೆ ಸ್ಕ್ಯಾನ್, ಮಾತ್ರೆ, ಇಂಜೆಕ್ಷನ್ ಎಲ್ಲ ನಡೆಯುತ್ತದೆ, ಗಂಡನದು ಒಂದು ಸರಳ ಟೆಸ್ಟ್ ಕೂಡ ಆಗಿರುವುದಿಲ್ಲ. ಇದು ಅನ್ಯಾಯ, ಅಲ್ವಾ? 2ರಿಂದ 7 ದಿನ ಸಂಬಂಧ ಇಲ್ಲದೆ ಇದ್ದು ಸ್ಯಾಂಪಲ್ ಕೊಡಬೇಕು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೊರತಂದ ಕೈಪಿಡಿಯ ಪ್ರಕಾರ ಕೆಳಗಿನ ಮಿತಿಗಳು ಹೀಗಿವೆ: ಪ್ರಮಾಣ 1.4 ಮಿಲಿಲೀಟರ್, ಒಂದು ಮಿಲಿಲೀಟರ್‌ಗೆ 1.6 ಕೋಟಿ ವೀರ್ಯಾಣು, ಮುಂದಕ್ಕೆ ಈಜುವಂಥವು ಶೇ 30, ಸರಿಯಾದ ಆಕಾರದವು ಶೇ 4. ಇದಕ್ಕಿಂತ ಕಡಿಮೆ ಬಂದರೆ ಮಗು ಆಗುವುದೇ ಇಲ್ಲ ಅಂತ ಅರ್ಥ ಅಲ್ಲ. ಒಂದು ರಿಪೋರ್ಟ್ ಕೆಟ್ಟದಾಗಿ ಬಂದರೆ ಸ್ವಲ್ಪ ಸಮಯ ಬಿಟ್ಟು ಇನ್ನೊಮ್ಮೆ ಮಾಡಿಸಿ, ಆಮೇಲೆ ಯೋಚಿಸಿ.

ಲೋಳೆ ಯಾಕೆ ಬದಲಾಗುತ್ತದೆ

ಮುಟ್ಟು ಮುಗಿದ ಮೇಲೆ ಒಂದು ಅಂಡಾಶಯದಲ್ಲಿ ಒಂದು ಫಾಲಿಕಲ್, ಅಂದರೆ ಮೊಟ್ಟೆ ಇರುವ ನೀರಿನ ಚೀಲ, ಉಳಿದವನ್ನು ಹಿಂದೆ ಹಾಕಿ ಬೆಳೆಯುತ್ತದೆ. ಅದು ದೊಡ್ಡದಾದಷ್ಟೂ ಈಸ್ಟ್ರೋಜನ್ ಜಾಸ್ತಿ ಬಿಡುತ್ತದೆ. ಆ ಹಾರ್ಮೋನು ಗರ್ಭಕಂಠದ ಗ್ರಂಥಿಗಳಿಂದ ನೀರಿನಂಶ ಹೆಚ್ಚಿರುವ, ತಿಳಿಯಾದ, ಎಳೆದರೆ ದಾರದ ಹಾಗೆ ಬರುವ ಲೋಳೆ ತರಿಸುತ್ತದೆ. ಇಂಥ ಲೋಳೆಯಲ್ಲಿ ವೀರ್ಯಾಣು 5 ದಿನದವರೆಗೂ ಬದುಕಿರಬಲ್ಲದು. ಮೊಟ್ಟೆ ಹೊರಬಿದ್ದ ಮೇಲೆ ಅದರ ಆಯಸ್ಸು 12ರಿಂದ 24 ಗಂಟೆ ಅಷ್ಟೇ. ಹಾಗಾಗಿ ಗರ್ಭ ನಿಲ್ಲಬಲ್ಲ ದಿನಗಳು ತಿಂಗಳಿಗೆ ಸುಮಾರು ಆರು: ಮೊಟ್ಟೆ ಬಿಡುಗಡೆಯ ದಿನ, ಅದಕ್ಕಿಂತ ಹಿಂದಿನ ಐದು ದಿನ. ಆಮೇಲೆ ಪ್ರೊಜೆಸ್ಟರಾನ್ ಅನ್ನುವ ಇನ್ನೊಂದು ಹಾರ್ಮೋನು ಏರುತ್ತದೆ, ಲೋಳೆ ಒಂದೇ ದಿನದಲ್ಲಿ ದಪ್ಪಗಾಗಿ ಬಾಗಿಲು ಮುಚ್ಚುತ್ತದೆ. 1950ರ ದಶಕದಿಂದ ಆಸ್ಟ್ರೇಲಿಯಾದ ವೈದ್ಯ ದಂಪತಿ ಜಾನ್ ಮತ್ತು ಈವ್ಲಿನ್ ಬಿಲ್ಲಿಂಗ್ಸ್ ಇದನ್ನೇ ಹೆಂಗಸರು ತಾವೇ ಓದಿಕೊಳ್ಳುವ ಕ್ರಮವಾಗಿ ಬೆಳೆಸಿದರು.

ನೋಡುವುದು ಹೇಗೆ, ಬರೆಯುವುದು ಹೇಗೆ

ಚೆನ್ನಾಗಿ ರಕ್ತ ಹೋಗಲು ಶುರುವಾದ ದಿನವೇ 1ನೇ ದಿನ. ಅದಕ್ಕಿಂತ ಮೊದಲು ಸುಮ್ನೆ ಕಲೆ ಕಂಡಿದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಸ್ಕ್ಯಾನ್ ಮಾಡುವವರು ಕೇಳುವುದೂ ಇದೇ ದಿನವನ್ನು, ಇಲ್ಲಿ ಒಂದೆರಡು ದಿನ ತಪ್ಪಿದರೆ ಮುಂದಿನ ಎಲ್ಲ ಲೆಕ್ಕವೂ ತಪ್ಪುತ್ತದೆ.

ರಕ್ತ ನಿಂತ ಮೇಲೆ ದಿನಕ್ಕೆ ಎರಡು ಮೂರು ಸಲ, ಮೂತ್ರಕ್ಕೆ ಹೋಗುವ ಮೊದಲು, ಬಿಳಿ ಟಿಶ್ಯೂ ಅಥವಾ ಒಣಗಿದ ಶುದ್ಧ ಹತ್ತಿ ಬಟ್ಟೆಯಿಂದ ಮುಂದಿನಿಂದ ಹಿಂದಕ್ಕೆ ಒರೆಸಿ. ಬಟ್ಟೆ ಒಣದಾಗಿ ತಡೆಯುತ್ತದೆಯೋ, ಜಾರುತ್ತದೆಯೋ ಗಮನಿಸಿ. ಅದರ ಮೇಲೆ ಏನಾದರೂ ಬಂದಿದ್ದರೆ ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ನಿಧಾನಕ್ಕೆ ಅಗಲಿಸಿ. ಒಳಗೆ ಬೆರಳು ಹಾಕುವ ಅಗತ್ಯ ಇಲ್ಲ. ನಡೆಯುವಾಗ, ಕೂತಾಗ ಅಲ್ಲಿ ಒದ್ದೆ ಅನಿಸುತ್ತಿದೆಯಾ ಅನ್ನುವುದೂ ಅಷ್ಟೇ ಮುಖ್ಯ. ಮಳೆಗಾಲದಲ್ಲಿ ಇದೊಂದು ಸ್ವಲ್ಪ ಕಷ್ಟ. ತೋಟದಿಂದ ನೆನೆದು ಬಂದಾಗ, ಒಳಬಟ್ಟೆ ಸರಿಯಾಗಿ ಒಣಗದೆ ಇದ್ದಾಗ ಆ ಒದ್ದೆಯನ್ನು ನಂಬಬೇಡಿ, ಬಟ್ಟೆ ಬದಲಿಸಿ ಒಂದು ಗಂಟೆ ಬಿಟ್ಟು ನೋಡಿ.

ರಾತ್ರಿ ಮಲಗುವ ಮೊದಲು ಇಡೀ ದಿನದಲ್ಲಿ ಕಂಡ ಅತಿ ತೆಳು, ಅತಿ ಜಾರು ಗುಣವನ್ನು ಒಂದೇ ಪದದಲ್ಲಿ ಬರೆಯಿರಿ. ನಾಲ್ಕು ಪದ ಸಾಕು. 'ಒಣ' ಅಂದರೆ ಏನೂ ಇಲ್ಲ. 'ಅಂಟು' ಅಂದರೆ ದಪ್ಪ, ಬಿಳಿ ಅಥವಾ ಹಳದಿ ಛಾಯೆ, ಎಳೆದರೆ ತಕ್ಷಣ ತುಂಡಾಗುವುದು. 'ಕೆನೆ' ಅಂದರೆ ಒದ್ದೆ, ಬೆಳ್ಳಗೆ, ಲೋಷನ್ ಥರ. 'ಜಾರು' ಅಂದರೆ ನೀರು ನೀರಾಗಿ ಅಥವಾ ತಿಳಿಯಾಗಿ ಹಲವು ಸೆಂಟಿಮೀಟರ್ ಉದ್ದ ಎಳೆ ಬರುವುದು. ಹಸಿ ಮೊಟ್ಟೆಯ ಬಿಳಿ ಭಾಗದ ಹಾಗೆ ಅಂತ ಎಲ್ಲ ಕಡೆ ಬರೆದಿರುತ್ತಾರೆ. ಮೊಟ್ಟೆ ಮುಟ್ಟದ ಮನೆಯವರು ತಲೆಸ್ನಾನಕ್ಕೆ ದಾಸವಾಳದ ಸೊಪ್ಪು ಕಿವುಚಿದಾಗ ಬರುವ ಲೋಳೆಯನ್ನು ನೆನೆಸಿಕೊಳ್ಳಿ. ಸಂಬಂಧ ಆದ ಮರುದಿನ ವೀರ್ಯದ ಅಂಶ ಸೇರಿ ಗೊಂದಲ ಆಗುತ್ತದೆ, ಆ ದಿನದ ಪಕ್ಕ ಒಂದು ಗುರುತು ಹಾಕಿ.

ಗೋಡೆಯ ಕ್ಯಾಲೆಂಡರ್‌ನಲ್ಲಿ ಬರೆಯಬೇಡಿ, ಮನೆಯವರೆಲ್ಲ ನೋಡುತ್ತಾರೆ. ಸಣ್ಣ ನೋಟ್‌ಬುಕ್ ಅಥವಾ ಫೋನ್ ಸಾಕು.

ಜಾರು ಲೋಳೆ ಕಂಡ ಕೊನೆಯ ದಿನಕ್ಕೆ ಶಿಖರದ ದಿನ ಅಂತಾರೆ. ಅದು ಕೊನೆಯದು ಅಂತ ಗೊತ್ತಾಗುವುದು ಮರುದಿನ ಲೋಳೆ ಅಂಟಾದಾಗ ಅಥವಾ ಒಣಗಿದಾಗ ಮಾತ್ರ. ಮೊಟ್ಟೆ ಬಿಡುಗಡೆ ಸಾಮಾನ್ಯವಾಗಿ ಈ ದಿನದ ಆಸುಪಾಸಿನಲ್ಲಿ, ಒಂದೆರಡು ದಿನ ಆಚೀಚೆ ಆಗುತ್ತದೆ. ಪ್ರಯತ್ನಕ್ಕೆ ಮಾತ್ರ ಶಿಖರದ ದಿನಕ್ಕೆ ಕಾಯಬಾರದು. ಒದ್ದೆ ಶುರುವಾದ ದಿನದಿಂದಲೇ ದಿನ ಬಿಟ್ಟು ದಿನ ಅಥವಾ ದಿನಾ ಸೇರಬಹುದು. ವೀರ್ಯ 'ಉಳಿಸಿ' ಇಡಬೇಕು, ಆಮೇಲೆ ಕಾಲು ಮೇಲೆತ್ತಿ ಮಲಗಬೇಕು ಅನ್ನುವುದಕ್ಕೆಲ್ಲ ಆಧಾರ ಇಲ್ಲ.

ಇದು ಬಿಳಿ ಸೆರಗು ಅಲ್ಲ

ಇಲ್ಲಿ ಸ್ವಲ್ಪ ನಿಲ್ಲಬೇಕು. ತಿಂಗಳ ಮಧ್ಯೆ ಬರುವ ಈ ತಿಳಿ ಲೋಳೆಯನ್ನು ಎಷ್ಟೋ ಹೆಂಗಸರು ಬಿಳಿ ಸೆರಗು ಅಂದುಕೊಳ್ಳುತ್ತಾರೆ. ಉಷ್ಣ ಆಗಿದೆ, ಮೈ ಕರಗಿ ಹೋಗುತ್ತಿದೆ, ನಿಶ್ಶಕ್ತಿ ಅಂತ ಹೆದರಿ ಅಂಗಡಿಯಿಂದ ಮಾತ್ರೆ ತಂದು ನುಂಗುತ್ತಾರೆ, ಡೆಟಾಲ್ ಹಾಕಿ ಒಳಗೆ ತೊಳೆಯುತ್ತಾರೆ. ಮಗು ಬೇಕು ಅನ್ನುವವರು ಮಗು ಆಗಲು ಬೇಕಾದ ಲೋಳೆಯನ್ನೇ ಕಾಯಿಲೆ ಅಂತ ತೊಳೆದು ಹಾಕುವುದನ್ನು ನೋಡಿದರೆ ನಿಜಕ್ಕೂ ಸಂಕಟ ಆಗುತ್ತದೆ. ಯಾರೂ ಇದನ್ನು ಅವರಿಗೆ ಹೇಳಿಕೊಟ್ಟಿರುವುದಿಲ್ಲ. ಒಳಗೆ ಸೋಪು, ಡೆಟಾಲ್ ಯಾವುದೂ ಬೇಡ, ಹೊರಗೆ ನೀರು ಸಾಕು.

ನಿಜವಾದ ಸೋಂಕು ಬೇರೆ. ತುರಿಕೆ, ಉರಿ, ಮೀನಿನ ಥರ ವಾಸನೆ, ಮೊಸರು ಒಡೆದಂಥ ಗಟ್ಟಿ ಬಿಳುಪು, ಹಸಿರು ಅಥವಾ ನೊರೆ ಬರುವುದು, ಕೆಳಹೊಟ್ಟೆ ನೋವು ಜ್ವರ, ಸಂಬಂಧದ ನಂತರ ರಕ್ತ. ಇವುಗಳಲ್ಲಿ ಒಂದಿದ್ದರೂ ಮೊದಲು ಪರೀಕ್ಷೆ, ಚಿಕಿತ್ಸೆ. ಸೋಂಕು ಇರುವಾಗ ಬರೆದ ಲೋಳೆಯ ಲೆಕ್ಕಕ್ಕೆ ಬೆಲೆ ಇಲ್ಲ.

ಮೊದಲ ಸ್ಕ್ಯಾನ್: ಮುಟ್ಟಿನ 2ರಿಂದ 5ನೇ ದಿನ

ಇದು ಬೇಸ್‌ಲೈನ್ ಸ್ಕ್ಯಾನ್. ರಕ್ತ ಹೋಗುತ್ತಿರುವಾಗ ಹೇಗೆ ಹೋಗುವುದು ಅಂತ ಮುಜುಗರ ಪಡಬೇಡಿ, ಸ್ಕ್ಯಾನ್ ಮಾಡುವವರಿಗೆ ಅದು ದಿನನಿತ್ಯದ ಕೆಲಸ. ಹೊಟ್ಟೆ ಮೇಲಿಂದ ಮಾಡುವುದಕ್ಕಿಂತ ಯೋನಿಯ ಮೂಲಕ ಮಾಡುವ ಟಿವಿಎಸ್ ಸ್ಕ್ಯಾನ್‌ನಲ್ಲಿ ಅಂಡಾಶಯ ಹತ್ತಿರದಿಂದ, ಸ್ಪಷ್ಟವಾಗಿ ಕಾಣುತ್ತದೆ. ಅದಕ್ಕೆ ಮೂತ್ರ ಖಾಲಿ ಮಾಡಿ ಹೋಗಬೇಕು. ಲೀಟರ್‌ಗಟ್ಟಲೆ ನೀರು ಕುಡಿದು ಕಾಯುವುದು ಹೊಟ್ಟೆ ಮೇಲಿನ ಸ್ಕ್ಯಾನ್‌ಗೆ. ಒಳಗೆ ಇಡುವ ಸಣ್ಣ ಕೋಲಿಗೆ (ಪ್ರೋಬ್) ಹೊಸ ಕಾಂಡೋಮ್, ಜೆಲ್ ಹಾಕುತ್ತಾರೆ. ಒತ್ತಿದ ಹಾಗೆ ಅನಿಸುತ್ತದೆ, ಜೋರು ನೋವು ಆಗಬಾರದು. ನೋವಾದರೆ ಹೇಳಿ, ಅದೂ ಒಂದು ಸುಳಿವು. ಕೋಣೆಯಲ್ಲಿ ಹೆಂಗಸೊಬ್ಬರು ಜೊತೆಗಿರಲಿ ಅಂತ ಕೇಳುವುದು ನಿಮ್ಮ ಹಕ್ಕು.

ಈ ದಿನ ಗರ್ಭಕೋಶದಲ್ಲಿ ಗಡ್ಡೆ, ಪಾಲಿಪ್ ಇದೆಯಾ, ಅಂಡಾಶಯದಲ್ಲಿ ಎಂಡೋಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಹೊರಗೆ ಬೆಳೆಯುವ ಕಾಯಿಲೆ) ಚೀಲ ಇದೆಯಾ, ನಾಳದಲ್ಲಿ ನೀರು ತುಂಬಿ ಊದಿದೆಯಾ ಅಂತ ನೋಡುತ್ತಾರೆ. 2ರಿಂದ 10 ಮಿಲಿಮೀಟರ್‌ನ ಸಣ್ಣ ಫಾಲಿಕಲ್‌ಗಳನ್ನು ಎಣಿಸುತ್ತಾರೆ. ರಿಪೋರ್ಟ್‌ನಲ್ಲಿ ಎಎಫ್‌ಸಿ ಅಂತ ಬರೆದಿರುವುದು ಈ ಎಣಿಕೆಯೇ. ವಯಸ್ಸಾದಂತೆ ಇದು ಇಳಿಯುತ್ತದೆ. ಎರಡೂ ಕಡೆ ಸೇರಿ ಐದಾರು ಇದ್ದರೆ ಕಡಿಮೆ ಅಂತ ಲೆಕ್ಕ. ಹಾಗಂತ ಸಹಜವಾಗಿ ಗರ್ಭ ನಿಲ್ಲುವುದಿಲ್ಲ ಅಂತ ಅಲ್ಲ, ಇಂಜೆಕ್ಷನ್ ಕೊಟ್ಟಾಗ ಮೊಟ್ಟೆ ಕಡಿಮೆ ಬರಬಹುದು, ಜಾಸ್ತಿ ಸಮಯ ಕಳೆಯಬಾರದು ಅಂತ.

ರಿಪೋರ್ಟ್‌ನಲ್ಲಿ 'ಪಿಸಿಒಡಿ ಥರ ಕಾಣುತ್ತಿದೆ' ಅಂತ ಇದ್ದರೆ ಅಳುವ ಮೊದಲು ಇದನ್ನು ಓದಿ. ಹಾಗೆ ಕರೆಯಲು ಈಗಿನ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಒಂದು ಅಂಡಾಶಯದಲ್ಲಿ 20 ಅಥವಾ ಜಾಸ್ತಿ ಫಾಲಿಕಲ್, ಇಲ್ಲವೇ ಅಂಡಾಶಯದ ಗಾತ್ರ 10 ಮಿಲಿಲೀಟರ್ ಅಥವಾ ಜಾಸ್ತಿ ಇರಬೇಕು. 2003ರ ಹಳೆಯ ಲೆಕ್ಕದಲ್ಲಿ 12 ಸಾಕಿತ್ತು, ಅದನ್ನೇ ಇನ್ನೂ ಬಳಸುವವರಿದ್ದಾರೆ. ಚಿತ್ರ ಒಂದೇ ಸಾಲದು. ಮುಟ್ಟಿನ ಏರುಪೇರು, ಗಂಡು ಹಾರ್ಮೋನಿನ ಲಕ್ಷಣ, ಸ್ಕ್ಯಾನ್ ಚಿತ್ರ, ಈ ಮೂರರಲ್ಲಿ ಎರಡು ಇದ್ದರೆ ಮಾತ್ರ ಪಿಸಿಒಎಸ್ (ಜನ ಪಿಸಿಒಡಿ ಅನ್ನುವುದೂ ಇದನ್ನೇ). ಮುಟ್ಟು ಸರಿಯಾಗಿ ಆಗುತ್ತಿದ್ದು ಬರೀ ಚಿತ್ರ ಹಾಗಿದ್ದರೆ ಅದು ಕಾಯಿಲೆ ಅಲ್ಲ.

ಮುಂದಿನ ಸ್ಕ್ಯಾನ್ ಯಾವಾಗ

ಎಲ್ಲರಿಗೂ 9, 11, 13, 15ನೇ ದಿನ ಅಂತ ಒಂದೇ ಚೀಟಿ ಬರೆದು ಕೊಡುವುದುಂಟು. 28 ದಿನದ ಮುಟ್ಟಿನ ಚಕ್ರಕ್ಕೆ ಅದು ಸರಿ. 35 ದಿನಕ್ಕೆ ಮುಟ್ಟಾಗುವವರಿಗೆ ಮೊಟ್ಟೆ ಒಡೆಯುವುದೇ 21ರ ಸುಮಾರಿಗೆ. ಅವರು ನಾಲ್ಕು ಸಲ ಬಂದು ಹೋಗಿ, 'ಮೊಟ್ಟೆ ಬೆಳೆಯುತ್ತಿಲ್ಲ' ಅನ್ನುವ ಹಣೆಪಟ್ಟಿ ಹೊತ್ತುಕೊಂಡು ಮನೆಗೆ ಹೋಗುತ್ತಾರೆ.

ನಿಮ್ಮ ಲೆಕ್ಕ ಹೀಗೆ ಮಾಡಿ. ಮೊಟ್ಟೆ ಬಿಡುಗಡೆಯಾಗುವುದು ಮುಂದಿನ ಮುಟ್ಟಿಗಿಂತ ಸುಮಾರು 14 ದಿನ ಮೊದಲು, ಕೆಲವರಿಗೆ ಸ್ವಲ್ಪ ಹೆಚ್ಚು ಕಡಿಮೆ. ಕಳೆದ ಆರು ತಿಂಗಳಲ್ಲಿ ಅತಿ ಚಿಕ್ಕ ಚಕ್ರ ಎಷ್ಟು ದಿನದ್ದೋ ಅದರಿಂದ 17 ಕಳೆಯಿರಿ. 28 ಆದರೆ 11ನೇ ದಿನ, 33 ಆದರೆ 16ನೇ ದಿನ. ಮೊದಲ ಅಂದಾಜು ಇದು. ಈಗ ಲೋಳೆಯ ಪುಸ್ತಕ ತೆರೆಯಿರಿ. 'ಅಂಟು' ಹೋಗಿ 'ಕೆನೆ' ಅಥವಾ ನೀರು ಕಾಣಿಸಿದ ದಿನ ಕ್ಲಿನಿಕ್‌ಗೆ ಫೋನ್ ಮಾಡಿ, ಮರುದಿನವೋ ಅದರ ಮರುದಿನವೋ ಹೋಗಿ. ಎರಡರಲ್ಲಿ ಯಾವುದು ಮೊದಲು ಬರುತ್ತದೋ ಅದಕ್ಕೆ ಹೋಗಬೇಕು, ತಡ ಆಗುವುದಕ್ಕಿಂತ ಒಂದು ದಿನ ಮೊದಲೇ ಒಳ್ಳೆಯದು.

ಅಲ್ಲಿಂದ ಮುಂದೆ ಕೂಡುವ ಲೆಕ್ಕ. ಮುಂದೆ ಬಂದ ಫಾಲಿಕಲ್ ದಿನಕ್ಕೆ ಸುಮಾರು 1.5ರಿಂದ 2 ಮಿಲಿಮೀಟರ್ ಬೆಳೆಯುತ್ತದೆ, ಸಾಮಾನ್ಯವಾಗಿ 18ರಿಂದ 25ರ ನಡುವೆ ಒಡೆಯುತ್ತದೆ. ಇವತ್ತು 14 ಇದ್ದರೆ ನಾಳೆ ಹೋಗಿ ಪ್ರಯೋಜನ ಇಲ್ಲ, ಮೂರನೇ ದಿನ ಹೋಗಿ. ಇವತ್ತೇ 18 ಇದ್ದು ಲೋಳೆ ಜಾರಾಗಿದ್ದರೆ ಇನ್ನು ಒಂದೆರಡು ದಿನದ ವಿಷಯ.

ಒಂದು ಉದಾಹರಣೆ ಕಟ್ಟಿ ಹೇಳುತ್ತೇನೆ. ಹೊಸನಗರದ ಹತ್ತಿರದ ಒಬ್ಬ ಹೆಂಗಸು, 33 ದಿನದ ಚಕ್ರ ಅಂದುಕೊಳ್ಳಿ. 14ನೇ ದಿನದವರೆಗೆ ಅಂಟು. 15ಕ್ಕೆ ಕೆನೆ. ಬೇಸ್‌ಲೈನ್ ಬಿಟ್ಟು, 16ಕ್ಕೆ ಮೊದಲ ಸ್ಕ್ಯಾನ್: ಬಲ ಅಂಡಾಶಯದಲ್ಲಿ 14 ಮಿಲಿಮೀಟರ್, ಗರ್ಭಕೋಶದ ಒಳಪದರ 7.5. 17, 18 ನೀರು ನೀರು. 19ಕ್ಕೆ ಉದ್ದ ಎಳೆ, ಆ ದಿನ ಎರಡನೇ ಸ್ಕ್ಯಾನ್: 20 ಮಿಲಿಮೀಟರ್, ಒಳಪದರ 9, ಅದು ಮೂರು ಗೆರೆಯಾಗಿ ಕಾಣುತ್ತಿದೆ. 20ಕ್ಕೆ ಮತ್ತೆ ಅಂಟು. 21 ಅಥವಾ 22ಕ್ಕೆ ಕೊನೆಯ ಸ್ಕ್ಯಾನ್: ಚೀಲ ಕುಗ್ಗಿದೆ, ಗರ್ಭಕೋಶದ ಹಿಂದೆ ಸ್ವಲ್ಪ ನೀರು. ಮೂರು ಸಲ ಹೋದರೆ ಕೆಲಸ ಮುಗಿಯಿತು, ಚೀಟಿಯ ಪ್ರಕಾರ ಹೋಗಿದ್ದರೆ ಆರಾದರೂ ಆಗುತ್ತಿತ್ತು.

ಮೂತ್ರದಲ್ಲಿ ಎಲ್‌ಎಚ್, ಅಂದರೆ ಮೊಟ್ಟೆ ಒಡೆಯಲು ಸೂಚನೆ ಕೊಡುವ ಹಾರ್ಮೋನು, ನೋಡುವ ಪಟ್ಟಿಯನ್ನೂ ಜೊತೆಗೆ ಬಳಸಬಹುದು. ಎಲ್‌ಎಚ್ ಏರಲು ಶುರುವಾಗಿ ಸುಮಾರು 36 ಗಂಟೆಗೆ ಮೊಟ್ಟೆ ಹೊರಬೀಳುತ್ತದೆ. ಪಿಸಿಒಎಸ್ ಇರುವವರಲ್ಲಿ ಎಲ್‌ಎಚ್ ಯಾವಾಗಲೂ ಮೇಲೇ ಇರಬಹುದು, ಆಗ ಪಟ್ಟಿ ಸುಳ್ಳು ಹೇಳುತ್ತದೆ.

ಭಾನುವಾರ ಬಂದರೆ ಏನು ಮಾಡುವುದು ಅಂತ ಮೊದಲೇ ಕೇಳಿಟ್ಟುಕೊಳ್ಳಿ, ಬಹಳ ಕಡೆ ಸ್ಕ್ಯಾನ್ ಕೋಣೆ ಮುಚ್ಚಿರುತ್ತದೆ. ಊರಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಬೇಸ್‌ಲೈನ್ ಸ್ಕ್ಯಾನ್‌ಗೆ ಹೋದ ದಿನವೇ 'ಒದ್ದೆ ಕಂಡ ಮರುದಿನ ನೇರ ಬರಬಹುದಾ' ಅಂತ ಒಪ್ಪಿಸಿಕೊಂಡು ಬನ್ನಿ. ಸಾಗರ, ಆನಂದಪುರದವರು ತಾಳಗುಪ್ಪದ ರೈಲಿನ ಸಮಯ ನೋಡಿಕೊಂಡರೆ ಬಸ್ಸಿನ ಕುಲುಕಾಟ ತಪ್ಪುತ್ತದೆ.

ಒಂದು ಎಚ್ಚರಿಕೆ. ಮೊಟ್ಟೆ ಬೆಳೆಸುವ ಮಾತ್ರೆ ಅಥವಾ ಇಂಜೆಕ್ಷನ್ ತೆಗೆದುಕೊಳ್ಳುವ ತಿಂಗಳು ಲೋಳೆ ನೋಡಿ ಸ್ಕ್ಯಾನ್ ತಪ್ಪಿಸಬೇಡಿ. ಒಂದರ ಬದಲು ಮೂರು ನಾಲ್ಕು ಮೊಟ್ಟೆ ಬೆಳೆದರೆ ಅವಳಿ, ತ್ರಿವಳಿ ಆಗುವ, ಹೊಟ್ಟೆಯಲ್ಲಿ ನೀರು ತುಂಬುವ ಅಪಾಯ ಇದೆ. ಆಗ ಡಾಕ್ಟರ್ ಹೇಳಿದ ದಿನಕ್ಕೆ ಹೋಗಲೇಬೇಕು. ಜೊತೆಗೆ ಕ್ಲೋಮಿಫೀನ್ ಮಾತ್ರೆ ಲೋಳೆಯನ್ನೇ ಒಣಗಿಸಬಹುದು, ಒಳಪದರವನ್ನು ತೆಳು ಮಾಡಬಹುದು. ಲೆಟ್ರೋಜೋಲ್ ಅನ್ನುವ ಇನ್ನೊಂದು ಮಾತ್ರೆಯಲ್ಲಿ ಆ ತೊಂದರೆ ಕಡಿಮೆ.

ಸ್ಕ್ಯಾನ್ ಪರದೆಯಲ್ಲಿ ಕೇಳಿ ತಿಳಿಯಬೇಕಾದ್ದು

ಫಾಲಿಕಲ್ ಎಷ್ಟು ಅಂತ ಮಾತ್ರ ಕೇಳಿ ಎದ್ದು ಬರಬೇಡಿ. ಗರ್ಭಕೋಶದ ಒಳಪದರ ಎಷ್ಟು ದಪ್ಪ, ಹೇಗೆ ಕಾಣುತ್ತಿದೆ ಅಂತ ಕೇಳಿ, ರಿಪೋರ್ಟ್‌ನಲ್ಲಿ ಅದು ಇಟಿ. ಮೊಟ್ಟೆ ಒಡೆಯುವ ಮೊದಲು ಮೂರು ಗೆರೆಯಾಗಿ, 7 ಮಿಲಿಮೀಟರ್‌ಗಿಂತ ಜಾಸ್ತಿ ಇದ್ದರೆ ಒಳ್ಳೆಯದು. ಒಡೆದ ಮೇಲೆ ಪೂರ್ತಿ ಬೆಳ್ಳಗಾಗುತ್ತದೆ.

ಗರ್ಭಕಂಠದ ನಾಳವನ್ನೂ ತೋರಿಸಲು ಹೇಳಿ. ಮೊಟ್ಟೆ ಬಲಿತ ದಿನಗಳಲ್ಲಿ ತೆಳು ಲೋಳೆ ತುಂಬಿ ಅಲ್ಲಿ ಒಂದು ಕಪ್ಪು ಗೆರೆ ಕಾಣುತ್ತದೆ, ನೀರಿನಂಶ ಸ್ಕ್ಯಾನ್‌ನಲ್ಲಿ ಕಪ್ಪಾಗಿಯೇ ಕಾಣುವುದು. ನೀವು ಮನೆಯಲ್ಲಿ 'ಜಾರು' ಅಂತ ಬರೆದ ದಿನವೇ ಪರದೆಯಲ್ಲಿ ಈ ಗೆರೆ ಕಂಡರೆ ನಿಮ್ಮ ಓದು ಸರಿ ಅಂತ ಧೈರ್ಯ ಬರುತ್ತದೆ. ಹೊರಗೆ ಏನೂ ಕಾಣದೆ ಒಳಗೆ ಲೋಳೆ ಇರುವವರೂ ಇದ್ದಾರೆ, ಅವರಿಗೂ ಇದರಿಂದ ಗೊತ್ತಾಗುತ್ತದೆ.

ಡಾಕ್ಟರ್ ತಾವೇ ಲೋಳೆ ತೆಗೆದು ನೋಡುವ ಪದ್ಧತಿಯೂ ಇದೆ. ಇನ್ಸ್ಲರ್ ಅಂಕ ಅಂತ ಅದಕ್ಕೆ ಹೆಸರು. ಪ್ರಮಾಣ, ಎಳೆಯ ಉದ್ದ, ಗಾಜಿನ ಮೇಲೆ ಒಣಗಿಸಿದಾಗ ಉಪ್ಪಿನ ಹರಳು ಮೂಡಿಸುವ ಜರಿಗಿಡದ ವಿನ್ಯಾಸ, ಗರ್ಭಕಂಠದ ಬಾಯಿ ತೆರೆದಿರುವುದು, ಈ ನಾಲ್ಕಕ್ಕೆ ತಲಾ 3ರಂತೆ ಒಟ್ಟು 12 ಅಂಕ. ಈಗ ಸ್ಕ್ಯಾನ್, ರಕ್ತಪರೀಕ್ಷೆ ಇರುವುದರಿಂದ ಇದನ್ನು ಮಾಡುವವರು ಕಡಿಮೆ. ಸಂಬಂಧ ಆದ ಕೆಲವು ಗಂಟೆಗಳಲ್ಲಿ ಲೋಳೆ ತೆಗೆದು ಅದರಲ್ಲಿ ವೀರ್ಯಾಣು ಓಡಾಡುತ್ತಿವೆಯಾ ಅಂತ ನೋಡುವ ಇನ್ನೊಂದು ಹಳೆಯ ಪರೀಕ್ಷೆ ಇದೆ. ಅದನ್ನು ಎಲ್ಲರಿಗೂ ಮಾಡಬೇಕಿಲ್ಲ ಅಂತ ಬ್ರಿಟನ್‌ನ ನೈಸ್ ಸಂಸ್ಥೆಯ ಮಾರ್ಗಸೂಚಿ ಹೇಳುತ್ತದೆ, ಅದರ ಫಲಿತಾಂಶದಿಂದ ಗರ್ಭ ನಿಲ್ಲುತ್ತದೋ ಇಲ್ಲವೋ ಹೇಳಲು ಬರುವುದಿಲ್ಲ. ನಿಮಗೆ ಬರೆದುಕೊಟ್ಟರೆ, ಇದರಿಂದ ಚಿಕಿತ್ಸೆ ಹೇಗೆ ಬದಲಾಗುತ್ತದೆ ಅಂತ ಕೇಳಿ.

ಎರಡನ್ನೂ ಜೋಡಿಸಿ ಓದುವುದು

ಲೋಳೆ ಚೆನ್ನಾಗಿ ಬಂತು, ಮೊಟ್ಟೆ ಬೆಳೆಯಿತು, ಒಡೆಯಿತು. ಇದು ಎರಡು ತಿಂಗಳು ಹೀಗೇ ಆದರೆ ಫಾಲಿಕ್ಯುಲರ್ ಸ್ಟಡಿ ನಿಲ್ಲಿಸಿ. ನನ್ನ ಗಟ್ಟಿ ಅಭಿಪ್ರಾಯ ಇದು. ಮೊಟ್ಟೆ ಸರಿ ಇದೆ ಅಂತ ಗೊತ್ತಾದ ಮೇಲೂ ತಿಂಗಳು ತಿಂಗಳು ಅದನ್ನೇ ಅಳೆಯುತ್ತಾ ವರ್ಷ ಕಳೆದವರು ಬೇಕಾದಷ್ಟು ಜನ ಇದ್ದಾರೆ. ಸ್ಕ್ಯಾನ್‌ನಲ್ಲಿ ಆರೋಗ್ಯವಾದ ಗರ್ಭನಾಳ ಕಾಣುವುದೇ ಇಲ್ಲ, ಅದು ತೆರೆದಿದೆಯಾ ಅಂತ ನೋಡಲು ಎಚ್‌ಎಸ್‌ಜಿ ಅನ್ನುವ ಬೇರೆ ಎಕ್ಸ್‌ರೇ ಬೇಕು. ಮುಟ್ಟು ನಿಂತ ಮೇಲೆ, ಮೊಟ್ಟೆ ಒಡೆಯುವ ಮೊದಲು ಅದನ್ನು ಮಾಡುತ್ತಾರೆ. ನಮ್ಮ ದೇಶದಲ್ಲಿ ಟಿಬಿ ಸದ್ದಿಲ್ಲದೆ ನಾಳ ಹಾಳುಮಾಡುವುದು ಇನ್ನೂ ಇದೆ, ಹಾಗಾಗಿ ಇದನ್ನು ಮುಂದೂಡಬೇಡಿ.

ಲೋಳೆ ಬಂತು, ಫಾಲಿಕಲ್ 20 ದಾಟಿತು, ಆದರೆ ಒಡೆಯಲಿಲ್ಲ. ಒಂದು ತಿಂಗಳು ಹೀಗಾಗುವುದು ಆರೋಗ್ಯವಂತರಲ್ಲೂ ಉಂಟು. ಪದೇಪದೇ ಆದರೆ ಒಂದು ವಿಷಯ ನೆನಪು ಮಾಡಿಕೊಳ್ಳಿ: ಆ ದಿನಗಳಲ್ಲಿ ನೋವಿನ ಮಾತ್ರೆ ತೆಗೆದುಕೊಂಡಿದ್ದಿರಾ? ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದ ಮಾತ್ರೆಗಳು ಮೊಟ್ಟೆ ಒಡೆಯುವುದನ್ನು ತಡೆಯಬಲ್ಲವು. ಅಡಿಕೆ ಸುಲಿಯುವ ಕಾಲದಲ್ಲಿ ರಾತ್ರಿವರೆಗೆ ಕೂತು ಬೆನ್ನು ನೋವಿಗೆ ದಿನಾ ಮಾತ್ರೆ ನುಂಗುವವರು ನಮ್ಮಲ್ಲಿ ಕಡಿಮೆಯೇನಲ್ಲ. ಪ್ಯಾರಾಸಿಟಮಾಲ್ ಸಾಕಾಗುತ್ತದಾ ಅಂತ ಡಾಕ್ಟರ್ ಹತ್ತಿರ ಕೇಳಿ.

ಮೊಟ್ಟೆ ಸರಿಯಾಗಿ ಒಡೆಯುತ್ತಿದೆ, ಲೋಳೆ ಮಾತ್ರ ಯಾವತ್ತೂ ಕಾಣುವುದಿಲ್ಲ. ಗರ್ಭಕಂಠಕ್ಕೆ ಹಿಂದೆ ಸುಡುವ, ಕತ್ತರಿಸುವ ಚಿಕಿತ್ಸೆ ಆಗಿದೆಯಾ, ಕ್ಲೋಮಿಫೀನ್ ನಡೆಯುತ್ತಿದೆಯಾ, ನೆಗಡಿಯ ಮಾತ್ರೆ ದಿನಾ ಇದೆಯಾ ನೋಡಿ. ನಿಜಕ್ಕೂ ತೊಂದರೆ ಗರ್ಭಕಂಠದ್ದೇ ಆದರೆ ವೀರ್ಯವನ್ನು ತೊಳೆದು ನೇರ ಗರ್ಭಕೋಶಕ್ಕೆ ಬಿಡುವ ಐಯುಐ ಒಂದು ದಾರಿ.

ಒದ್ದೆ ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ, ಸ್ಕ್ಯಾನ್‌ನಲ್ಲಿ 10 ಮಿಲಿಮೀಟರ್ ದಾಟಿದ್ದು ಒಂದೂ ಇಲ್ಲ. ದೇಹ ಪ್ರಯತ್ನಿಸಿ ಪ್ರಯತ್ನಿಸಿ ಬಿಡುತ್ತಿದೆ ಅಂತ ಅರ್ಥ. ಪಿಸಿಒಎಸ್‌ನಲ್ಲಿ ಇದು ಸಾಮಾನ್ಯ. ಥೈರಾಯ್ಡ್, ಪ್ರೊಲ್ಯಾಕ್ಟಿನ್ (ಎದೆಹಾಲು ಬರಿಸುವ ಹಾರ್ಮೋನು) ಪರೀಕ್ಷೆಯೂ ಆಗಲಿ. ಇಲ್ಲಿ ಚಿಕಿತ್ಸೆಗೆ ಒಳ್ಳೆಯ ಫಲ ಇದೆ, ಧೈರ್ಯ ಬಿಡಬೇಡಿ.

ಯಾವ ಸಂದರ್ಭದಲ್ಲೂ ಅನುಮಾನ ಉಳಿದರೆ ಶಿಖರದ ದಿನದಿಂದ ಏಳನೇ ದಿನ ರಕ್ತದಲ್ಲಿ ಪ್ರೊಜೆಸ್ಟರಾನ್ ನೋಡಿಸಿ. ಒಂದು ಮಿಲಿಲೀಟರ್‌ಗೆ 3 ನ್ಯಾನೋಗ್ರಾಂಗಿಂತ ಜಾಸ್ತಿ ಇದ್ದರೆ ಮೊಟ್ಟೆ ಬಿಡುಗಡೆ ಆಗಿದೆ. ಎಲ್ಲರಿಗೂ '21ನೇ ದಿನ' ಅಂತ ಬರೆದುಕೊಡುವುದು ಮತ್ತದೇ 28 ದಿನದ ಲೆಕ್ಕ, ನಿಮ್ಮ ಚಕ್ರ ಉದ್ದ ಇದ್ದರೆ ಹೇಳಿ ಬದಲಿಸಿಕೊಳ್ಳಿ.

ಎಲ್ಲಿ ಮಾಡಿಸುವುದು

ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಸಿಮ್ಸ್ ವೈದ್ಯಕೀಯ ಕಾಲೇಜಿನ ಬೋಧನಾ ಆಸ್ಪತ್ರೆ, ಅಲ್ಲಿ ಸ್ತ್ರೀರೋಗ ವಿಭಾಗ ಇದೆ. ದುಡ್ಡಿನ ಚಿಂತೆ ಇರುವವರು ಅಲ್ಲಿಂದ ಶುರು ಮಾಡಬಹುದು. ಖಾಸಗಿ ಆದರೆ ಎಲ್ಲ ಸ್ಕ್ಯಾನ್‌ಗಳನ್ನೂ ಒಂದೇ ಕಡೆ, ಆದಷ್ಟು ಒಬ್ಬರ ಕೈಯಲ್ಲೇ ಮಾಡಿಸಿ. ಒಬ್ಬರ ಅಳತೆಗೂ ಇನ್ನೊಬ್ಬರ ಅಳತೆಗೂ ಒಂದೆರಡು ಮಿಲಿಮೀಟರ್ ವ್ಯತ್ಯಾಸ ಬಂದರೆ ಒಂದು ದಿನದ ಲೆಕ್ಕವೇ ತಪ್ಪುತ್ತದೆ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆ ಪ್ರಕಾರ ಸ್ಕ್ಯಾನ್ ಕೇಂದ್ರದ ನೋಂದಣಿ ಪತ್ರ ಗೋಡೆಯ ಮೇಲೆ ಕಾಣುವಂತೆ ಇರಬೇಕು. ಗಂಡು ಮಗು ಆಗುವ ಹಾಗೆ ಮಾಡಿಕೊಡುತ್ತೇವೆ ಅಂತ ಯಾರಾದರೂ ಪಿಸುಗುಟ್ಟಿದರೆ ಅದು ಅಪರಾಧ, ಅಲ್ಲಿಂದ ಎದ್ದು ಬನ್ನಿ. ಐಯುಐ, ಐವಿಎಫ್ (ಪ್ರನಾಳ ಶಿಶು ಚಿಕಿತ್ಸೆ) ಮಾಡುವ ಕಡೆ, ಇಂಥ ಚಿಕಿತ್ಸೆಗಳನ್ನು ನಿಯಂತ್ರಿಸುವ 2021ರ ಎಆರ್‌ಟಿ ಕಾಯ್ದೆಯ ನೋಂದಣಿಯನ್ನೂ ಕೇಳಿ.

ಮುಟ್ಟು ತಡವಾದರೆ

ಶಿಖರದ ದಿನದಿಂದ 15 ದಿನ ಕಳೆದರೂ ಮುಟ್ಟಾಗದಿದ್ದರೆ ಬೆಳಗಿನ ಮೂತ್ರದಲ್ಲಿ ಟೆಸ್ಟ್ ಮಾಡಿ. ಮೊಟ್ಟೆ ಒಡೆಯಲು ಎಚ್‌ಸಿಜಿ ಇಂಜೆಕ್ಷನ್ ಹಾಕಿದ್ದರೆ ಅದು ರಕ್ತದಲ್ಲಿ ಉಳಿದು ಸುಳ್ಳು ಎರಡು ಗೆರೆ ತೋರಿಸಬಹುದು, ಅಂಥವರು ಇಂಜೆಕ್ಷನ್‌ನಿಂದ ಎರಡು ವಾರ ಕಾಯಲೇಬೇಕು. ಎರಡು ಗೆರೆ ಬಂದ ದಿನವೇ ಸ್ಕ್ಯಾನ್‌ಗೆ ಓಡಬೇಡಿ, ಆಗ ಏನೂ ಕಾಣುವುದಿಲ್ಲ, ಸುಮ್ನೆ ಗಾಬರಿ. ಆರೇಳು ವಾರಕ್ಕೆ ಚೀಲವೂ ಎದೆಬಡಿತವೂ ಕಾಣುತ್ತದೆ. ಚಕ್ರ ಉದ್ದ ಇದ್ದವರು ವಾರದ ಲೆಕ್ಕವನ್ನು ಕೊನೆಯ ಮುಟ್ಟಿನಿಂದ ಅಲ್ಲ, ಶಿಖರದ ದಿನವನ್ನು ಎರಡು ವಾರ ಅಂತ ಹಿಡಿದು ಅಲ್ಲಿಂದ ಮಾಡಲು ಡಾಕ್ಟರ್‌ಗೆ ಹೇಳಿ. ಇಲ್ಲದಿದ್ದರೆ 'ಬೆಳವಣಿಗೆ ಕಡಿಮೆ' ಅನ್ನುವ ತಪ್ಪು ಮಾತು ಕೇಳಬೇಕಾಗುತ್ತದೆ. ಫೋಲಿಕ್ ಆ್ಯಸಿಡ್ 400 ಮೈಕ್ರೋಗ್ರಾಂ ಮಾತ್ರೆ ಪ್ರಯತ್ನ ಶುರುವಾದ ದಿನದಿಂದಲೇ ನಡೆಯುತ್ತಿರಲಿ.

ಎರಡು ಗೆರೆ ಬಂದ ಮೇಲೆ ಕೆಳಹೊಟ್ಟೆಯ ಒಂದೇ ಬದಿಯಲ್ಲಿ ಜೋರು ನೋವು, ರಕ್ತ, ತಲೆಸುತ್ತು, ಭುಜದ ತುದಿಯಲ್ಲಿ ನೋವು ಬಂದರೆ ಗರ್ಭ ನಾಳದಲ್ಲಿ ನಿಂತಿರಬಹುದು. ಅದು ಒಡೆದರೆ ಜೀವಕ್ಕೇ ಅಪಾಯ. ಬೆಳಗಾಗಲಿ, ಮಳೆ ನಿಲ್ಲಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ ಅಥವಾ ಸಿಕ್ಕ ಗಾಡಿ ಹತ್ತಿ ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋಗಿ, ಹೋದ ಕೂಡಲೇ 'ಟೆಸ್ಟ್ ಪಾಸಿಟಿವ್ ಇದೆ' ಅಂತ ಮೊದಲು ಹೇಳಿ.